ಎಲೆ ಕಚ್ಚಿ ಸತ್ತ ಗೊದ್ದ, ಅಡಿಕೆ ಬುಡದ ಬೇರುಹುಳು

ಪ್ರಶ್ನೆ: ನಮ್ಮ ಸೊಪ್ಪಿನಬೆಟ್ಟದಲ್ಲಿ ಗೊದ್ದವೊಂದು (ದೊಡ್ಡ ಇರುವೆ) ಎಲೆಯ ಅಡಿಭಾಗ ಕಚ್ಚಿಕೊಂಡೇ ಸತ್ತಿತ್ತು. ಕುತ್ತಿಗೆಯಿಂದ ಕಡ್ಡಿಯಂಥದ್ದು ಎದ್ದಿತ್ತು. ಇದೇನು? ನಮಗೂ ಅಂಟುತ್ತದೆಯೇ? ಅಡಿಕೆಯ ಬೇರುಹುಳುವಿಗೆ ಇದನ್ನು ಬಳಸಬಹುದೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅದು ಒಫಿಯೊಕಾರ್ಡಿಸೆಪ್ಸ್ ಗುಂಪಿನ ಶಿಲೀಂಧ್ರ. ಬೀಜಕಣ ಮೈಗೆ ಅಂಟಿ, ಚಿಪ್ಪು ಕೊರೆದು ಒಳಹೊಗುತ್ತದೆ. ಆಮೇಲೆ ಗೊದ್ದ ಗೂಡು ಬಿಟ್ಟು ಬಂದು ತಂಪಿನ ಜಾಗದಲ್ಲಿ ಎಲೆಯ ನರ ಕಚ್ಚುತ್ತದೆ. ಕಚ್ಚಿದ ದವಡೆ ಮತ್ತೆ ಬಿಡುವುದಿಲ್ಲ. ಶಿಲೀಂಧ್ರ ಮಿದುಳು ಹೊಕ್ಕು ಗೊದ್ದವನ್ನು ಆಡಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ 2017ರ ಅಧ್ಯಯನವೊಂದರಲ್ಲಿ ಶಿಲೀಂಧ್ರ ಸಿಕ್ಕಿದ್ದು ಸ್ನಾಯುಗಳ ಸುತ್ತ, ಬಲೆ ಹೆಣೆದಂತೆ, ಮಿದುಳಿನೊಳಗೆ ಅಲ್ಲ. ನಿಮಗೆ ಅಂಟದು. ತೋಟಕ್ಕೂ ಉಪಯೋಗವಿಲ್ಲ, ಏಕೆಂದರೆ ಇರುವೆಗೆ ತಗಲುವ ಇದರ ಒಂದೊಂದು ಜಾತಿ ಸಾಮಾನ್ಯವಾಗಿ ಒಂದೊಂದು ಬಗೆಯ ಇರುವೆಯನ್ನೇ ಹಿಡಿಯುತ್ತದೆ.

ಬೇರುಹುಳುವಿಗೆ ಬೇಕಾದದ್ದು ಮೆಟಾರೈಜಿಯಂ ಎಂಬ, ಕೀಟ ಕೊಲ್ಲುವ ಇನ್ನೊಂದು ಶಿಲೀಂಧ್ರ. ಎಕರೆಗೆ 2 ಕೆ.ಜಿ. ಪುಡಿಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ. ಹಿಂಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು, ಅಷ್ಟೇ ತೇವ. ನೆರಳಲ್ಲಿ ರಾಶಿ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿ, 10–15 ದಿನ ಬಿಡಿ. ನಡುವೆ ಒಂದೆರಡು ಸಲ ತಿರುವಿ ಹಾಕಿ. ಬಿಸಿ ಗೊಬ್ಬರ ಬೇಡ, ಅದರ ಕಾವಿಗೆ ಬೀಜಕಣ ಸಾಯುತ್ತದೆ. ಮರದ ಬುಡದ ದರಗು ಸರಿಸಿ, ಬೇರು ಹರಡಿದಲ್ಲಿ ಹಾಕಿ, ಕೂಡಲೇ ಮಣ್ಣು ಮುಚ್ಚಿ. ಬಿಸಿಲಿಗೆ ಬಿದ್ದದ್ದು ದಂಡ.

ಸೋಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ತಡ. ಮೊದಲ ಮಳೆಗೆ ಮುಸ್ಸಂಜೆ ಏಳುವ ಬೇರುಹುಳುವಿನ ದುಂಬಿಗಳು ಮಣ್ಣಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳು ಎಳೆಯದಿರುವಾಗಲೇ ಹಾಕಬೇಕು. ಹುಳು ಹೆಬ್ಬೆರಳು ಗಾತ್ರಕ್ಕೆ ಬಂದ ಮೇಲೆ ಸುಲಭಕ್ಕೆ ಬಗ್ಗದು. ಇನ್ನೊಂದು, ಬೋರ್ಡೋ, ಎಂದರೆ ಮೈಲುತುತ್ತ-ಸುಣ್ಣದ ದ್ರಾವಣ. ಕೊಳೆರೋಗಕ್ಕೆ ಹೊಡೆಯುವ ಇದರ ಮೈಲುತುತ್ತ ಈ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಅಡಿಕೆ ಗೊನೆಯಿಂದ ಬುಡಕ್ಕೆ ತೊಟ್ಟಿಕ್ಕಿದ್ದರೆ ಎರಡು ವಾರವಾದರೂ ಕಾಯಿರಿ. ಬೋರ್ಡೋ ಡ್ರಮ್ಮಿನಲ್ಲಿ ಇದನ್ನು ಕಲಸಲೇಬೇಡಿ.

ಮರುದಿನವೇ ಹುಳು ಸಾಯುವುದಿಲ್ಲ, ವಾರಗಳು ಹಿಡಿಯುತ್ತವೆ. ಕೆಲಸ ಮಾಡಿದೆಯೇ ನೋಡಲು ಸತ್ತ ಹುಳುವನ್ನು ಒದ್ದೆ ಹತ್ತಿಯ ಮೇಲೆ ಡಬ್ಬಿಯಲ್ಲಿಡಿ. ಮೈ ಗಟ್ಟಿಯಾಗಿ, ಬಿಳಿ ಬೂಸು ಬಂದು, ಆಮೇಲೆ ಹಸಿರಾದರೆ ಮೆಟಾರೈಜಿಯಂ. ಕಪ್ಪಾಗಿ ಕೊಳೆತು ನಾರಿದರೆ ಬೇರೆ ಕಾರಣ. ಇಟ್ಟಿಗೆಗೆಂಪಾಗಿದ್ದರೆ ಕೀಟ ಕೊಲ್ಲುವ ಸೂಕ್ಷ್ಮ ಜಂತುಹುಳು (ನೆಮಟೋಡ್) ಹೊಕ್ಕಿದೆ, ಅದೂ ನಿಮ್ಮ ಪರವೇ.