ಓದುಗರ ಪ್ರಶ್ನೆ, ನಮ್ಮ ಉತ್ತರ: ಗಣಿತದ ಕ್ಲಾಸು, ಕಂಪ್ಯೂಟರ್ ಲ್ಯಾಬು

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪಿಎಂಸಿಎಸ್ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಮಕ್ಕಳು ‘ಸಾಫ್ಟ್‌ವೇರ್ ಕೆಲಸಕ್ಕೆ ಈ ಪ್ರಮೇಯಗಳೆಲ್ಲ ಯಾಕೆ ಮೇಡಂ’ ಅಂತ ಕೇಳುತ್ತಾರೆ. ಕಂಪ್ಯೂಟರ್ ವಿಭಾಗದವರ ಜೊತೆ ಸೇರಿ ಪಾಠ ಮಾಡೋಣ ಅಂದರೆ ಸಿಲಬಸ್ ಮುಗಿಯಲ್ಲ ಅನ್ನುತ್ತಾರೆ. ಏನು ಮಾಡಲಿ?
– ಗಣಿತ ಉಪನ್ಯಾಸಕಿ, ಹಾಸನ ಜಿಲ್ಲೆ

ಉತ್ತರ: ಇಡೀ ಪೇಪರನ್ನೇ ಜೊತೆಯಾಗಿ ಮಾಡಲು ಹೋಗಬೇಡಿ ಮೇಡಂ, ಅದು ನಿಜಕ್ಕೂ ಮುಗಿಯಲ್ಲ. ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿ. ನೀವು ಬೈಸೆಕ್ಷನ್ ವಿಧಾನ (ಸಮೀಕರಣದ ಮೂಲ ಹುಡುಕುವುದು) ಹೇಳುತ್ತೀರಿ, ಅವರು ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಹುಡುಕುವುದು) ಹೇಳುತ್ತಾರೆ. ಎರಡರಲ್ಲೂ ನಡೆಯುವುದು ಪ್ರತಿ ಸಲ ಅರ್ಧ ಬಿಸಾಕುವ ಕೆಲಸವೇ. ನಿಮ್ಮದು ಇಂಡಕ್ಷನ್ (ಒಂದು ಸಂಖ್ಯೆಗೆ ಸರಿಯಾದರೆ ಮುಂದಿನದಕ್ಕೂ ಸರಿ ಅಂತ ತೋರಿಸುವುದು), ಅವರದು ರಿಕರ್ಷನ್ (ಪ್ರೋಗ್ರಾಂ ಚಿಕ್ಕ ಲೆಕ್ಕಕ್ಕೆ ತನ್ನನ್ನೇ ಕರೆಯುವುದು). ಇಂಥ ಮೂರು ನಾಲ್ಕು ಜಾಗ ಗುರುತಿಸಿ, ಆ ಪಾಠಗಳು ಒಂದೇ ವಾರ ಬರುವ ಹಾಗೆ ಇಬ್ಬರೂ ಮಾತಾಡಿಕೊಳ್ಳಿ. ಜಾಸ್ತಿ ಗಂಟೆ ಬೇಕಾಗಲ್ಲ.

ನಾನಾದರೆ ಮ.ಸಾ.ಅ.ದಿಂದ (ಮಹತ್ತಮ ಸಾಮಾನ್ಯ ಅಪವರ್ತನ) ಶುರು ಮಾಡುತ್ತೇನೆ. ಯೂಕ್ಲಿಡ್ ವಿಧಾನ ಅಂದರೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸುತ್ತಾ, ಶೇಷ ಸೊನ್ನೆ ಆಗುವವರೆಗೆ ಹೋಗುವುದು; ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲು. ಎಷ್ಟು ಸಲ ಭಾಗಾಕಾರ ಆಯಿತು ಅಂತ ಎಣಿಸಲು ಹೇಳಿ. 90 ಮತ್ತು 55 ಕೊಟ್ಟರೆ 5 ಸಲ. 89 ಮತ್ತು 55 ಕೊಟ್ಟರೆ 9 ಸಲ! ಒಂದೇ ಒಂದು ಕಡಿಮೆ ಮಾಡಿದ್ದಕ್ಕೆ ಕೆಲಸ ಹೆಚ್ಚುಕಡಿಮೆ ಎರಡರಷ್ಟು ಯಾಕಾಯಿತು? ಇಲ್ಲಿ ಸ್ವಲ್ಪ ಹೊತ್ತು ಸುಮ್ನಿರಿ, ಅವರೇ ಒದ್ದಾಡಲಿ. 55, 89 ಎರಡೂ ಫಿಬೊನಾಚಿ ಸಂಖ್ಯೆಗಳು (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸಾಲು: 1, 1, 2, 3, 5, 8...) ಅಂತ ಯಾರಾದರೂ ಹಿಡಿದೇ ಹಿಡಿಯುತ್ತಾರೆ, ಯಾಕಂದರೆ ಆ ಸಾಲನ್ನು ಅವರು ಲ್ಯಾಬಿನಲ್ಲಿ ಪ್ರಿಂಟ್ ಮಾಡಿ ಮಾಡಿ ಬೇಸತ್ತಿರುತ್ತಾರೆ. ಪಕ್ಕಪಕ್ಕದ ಎರಡನ್ನು ಭಾಗಿಸಿದರೆ ಶೇಷವಾಗಿ ಅದೇ ಸಾಲಿನ ಹಿಂದಿನ ಸಂಖ್ಯೆ ಬರುತ್ತದೆ, ಹಾಗಾಗಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಆಮೇಲೆ ಫ್ರೆಂಚ್ ಗಣಿತಜ್ಞ ಲಾಮೆ 1844ರಲ್ಲಿ ಸಾಧಿಸಿದ್ದನ್ನು ಬೋರ್ಡಿನ ಮೇಲೆ ಬರೆಯಿರಿ: ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದು ಪಟ್ಟಿಗಿಂತ ಜಾಸ್ತಿ ಭಾಗಾಕಾರ ಬೇಕಾಗಲ್ಲ. 100 ಅಂಕಿಯ ಸಂಖ್ಯೆಯಾದರೂ 500ರೊಳಗೆ ಮುಗಿಯುತ್ತದೆ. ಪ್ರೋಗ್ರಾಂ ಎಷ್ಟು ಬೇಗ ಓಡುತ್ತದೆ ಅಂತ ಓಡಿಸುವ ಮೊದಲೇ ಹೇಳಿಬಿಟ್ಟದ್ದು ಒಂದು ಪ್ರಮೇಯ, ಅಲ್ವಾ? ‘ಯಾಕೆ ಮೇಡಂ’ ಅಂದವರಿಗೆ ಇದನ್ನೇ ತೋರಿಸಿ.

ಒಂದು ಮಾತು. ಗಣಿತದ ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಬುಕ್ಕಿಗೆ ಕೋಡ್ ನಕಲು ಮಾಡುವುದು ಅಂತಾಗಿಬಿಟ್ಟಿದೆ ಬಹಳ ಕಡೆ. ಅದಕ್ಕಿಂತ ಸೀಮೆಸುಣ್ಣವೇ ವಾಸಿ.

ಪ್ರಶ್ನೆ: ಗಣಿತದ ಒಂದು ಹೇಳಿಕೆ ಸರಿಯೇ ಅಂತ ಪ್ರೋಗ್ರಾಂನಲ್ಲಿ ಲೂಪ್ ಹಾಕಿ ಲಕ್ಷಗಟ್ಟಲೆ ಸಂಖ್ಯೆಗಳಿಗೆ ಚೆಕ್ ಮಾಡಿದ ಮೇಲೂ ಸಾಧನೆ (ಪ್ರೂಫ್) ಬರೆಯಿರಿ ಅಂತಾರಲ್ಲ, ಏನರ್ಥ?
– ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಲಕ್ಷ ಸಾಲದು ತಮ್ಮಾ. ಯಾವುದೇ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದರೆ (ಒಂದೇ ಅಪವರ್ತನ ಎರಡು ಸಲ ಬಂದರೆ ಎರಡು ಅಂತಲೇ ಎಣಿಸಿ; 12 = 2×2×3, ಎಣಿಕೆ 3; 1ಕ್ಕೆ ಎಣಿಕೆ ಸೊನ್ನೆ, ಅದು ಸಮ) ಆ ಎಣಿಕೆ ಬೆಸವೋ ಸಮವೋ ಆಗುತ್ತದೆ. 2ರಿಂದ ಮುಂದೆ ಎಲ್ಲಿ ನಿಂತು ನೋಡಿದರೂ 1ರಿಂದ ಅಲ್ಲಿಯವರೆಗೆ ಬೆಸ ಎಣಿಕೆಯ ಸಂಖ್ಯೆಗಳು ಸಮ ಎಣಿಕೆಯವಕ್ಕಿಂತ ಕಡಿಮೆ ಇರಲ್ಲ ಅಂತ ಗಣಿತಜ್ಞ ಪೋಲ್ಯಾ 1919ರಲ್ಲಿ ಊಹಿಸಿದರು. ನಿಮ್ಮ ಲೂಪ್ ಕೋಟಿಗಟ್ಟಲೆ ಓಡಿದರೂ ‘ಸರಿ, ಸರಿ’ ಅನ್ನುತ್ತಲೇ ಇರುತ್ತದೆ. 1958ರಲ್ಲಿ ಹ್ಯಾಸೆಲ್‌ಗ್ರೋವ್ ಎಂಬ ಗಣಿತಜ್ಞ ಇದು ಸುಳ್ಳು ಅಂತ ತೋರಿಸಿದರು, ಆದರೆ ಮೊದಲು ಮುರಿಯುವ ಜಾಗ ಯಾವುದು ಅಂತ ಆಗ ಗೊತ್ತಾಗಲಿಲ್ಲ. ಅದನ್ನು 1980ರಲ್ಲಿ ತನಾಕಾ ಹಿಡಿದರು: 90,61,50,257. ಪುರುಸೊತ್ತಿದ್ದರೆ ಕೋಡ್ ಬರೆದು ನೋಡಿ, ಆದರೆ ಒಂದೊಂದೇ ಸಂಖ್ಯೆ ಒಡೆಯುತ್ತಾ ಕೂರಬೇಡಿ, ಜರಡಿ ವಿಧಾನ (ಪ್ರತಿ ಅವಿಭಾಜ್ಯದ ಗುಣಕಗಳನ್ನೆಲ್ಲ ಒಟ್ಟಿಗೇ ಗುರುತು ಮಾಡುತ್ತಾ ಹೋಗುವುದು) ಬಳಸಿ.