ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ: ಕಿವಿ ಕೇಳಿಸದ ಮಗುವಿಗೆ ಒಂದೇ ಭಾಷೆ ಸಾಕೆ?

ನಮಸ್ಕಾರ ಮೇಡಂ. ಮೂರು ವರ್ಷದ ಮಗನ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಸಿ, ಮಂಡ್ಯದ ಅಂಗನವಾಡಿಗೆ ಸೇರಿಸಿದ್ದೀರಿ. ಮನೆಯಲ್ಲಿ ಉರ್ದು ಬಿಟ್ಟು ಬರೀ ಕನ್ನಡ ಮಾತಾಡಿ ಎಂದು ಯಾರೋ ಹೇಳಿದರು, ಬಿಡಬೇಕಾ ಎಂದು ಕೇಳಿದ್ದೀರಿ.

ದಯವಿಟ್ಟು ಬಿಡಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ; ಸರಿಯಾಗಿ ಕೇಳಿಸದಿದ್ದರೆ ಆಗುತ್ತದೆ. ಸರಾಗವಲ್ಲದ ಭಾಷೆಯಲ್ಲಿ ಮಾತಾಡಲು ಹೊರಟರೆ ಬಾ, ಕೂತ್ಕೋ, ತಿನ್ನು ಅನ್ನುವಷ್ಟಕ್ಕೇ ಮಾತು ನಿಂತುಬಿಡುತ್ತದೆ. ಅವನಿಗೆ ಬೇಕಿರುವುದು ಸ್ನಾನ ಮಾಡಿಸುವಾಗ, ಸೊಪ್ಪು ಬಿಡಿಸುವಾಗ ನಿಮ್ಮ ಬಾಯಿಂದ ತಾನಾಗಿ ಬರುವ ಪೂರ್ತಿ ವಾಕ್ಯಗಳು.

ಗಮನವೆಲ್ಲ ಸಾಧನದ ಮೇಲಿರಲಿ. ದಿನಾ ಬೆಳಿಗ್ಗೆ ಅವನ ಹಿಂದೆ ಕೂತು, ನಿಮ್ಮ ಬಾಯಿ ಕಾಣದಂತೆ, ಆ, ಊ, ಈ, ಮ್, ಶ್, ಸ್ ಈ ಆರು ಧ್ವನಿ ಒಂದೊಂದಾಗಿ ಹೇಳಿ. ಕೇಳಿಸಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕಲಿ. ಕ್ರಮವನ್ನೂ ನಡುವಿನ ಬಿಡುವನ್ನೂ ಬದಲಿಸುತ್ತಿರಿ, ಇಲ್ಲವಾದರೆ ಊಹೆಯಿಂದಲೇ ಹಾಕುತ್ತಾನೆ. ನಿನ್ನೆ ಕೇಳಿಸಿದ ಸ್ ಇವತ್ತು ಕೇಳಿಸದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಕಿವಿಯೊಳಗೆ ಕೂರುವ ಅಚ್ಚಿನ ತೂತಿನಲ್ಲಿ ಗುಗ್ಗೆ, ಟ್ಯೂಬಿನಲ್ಲಿ ನೀರಹನಿ ನೋಡಿ. ಸಾಧನ ಕುಯ್ ಅನ್ನುತ್ತಿದ್ದರೆ ಬಹುಮಟ್ಟಿಗೆ ಕಿವಿ ಬೆಳೆದು ಅಚ್ಚು ಸಡಿಲವಾಗಿರುತ್ತದೆ. ವಾಲ್ಯೂಮ್ ತಗ್ಗಿಸಿ ಸುಮ್ಮನಾಗಬೇಡಿ, ಹೊಸ ಅಚ್ಚು ಮಾಡಿಸಿ.

ಅಂಗನವಾಡಿಯಲ್ಲಿ ಫ್ಯಾನು, ರಸ್ತೆಬದಿಯ ಕಿಟಕಿಯಿಂದ ದೂರ, ಟೀಚರಿಂದ ಒಂದು ಮೀಟರ್ ಒಳಗೆ ಕೂರಿಸಲು ಹೇಳಿ. ಮುಂದಿನ ವಾರದ ಪದ್ಯ, ಪದಗಳನ್ನು ಮೊದಲೇ ಕೇಳಿಕೊಂಡು ಅದೇ ವಿಷಯವನ್ನು ಮನೆಯಲ್ಲಿ ಉರ್ದುವಿನಲ್ಲಿ ಮಾತಾಡಿ.

ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆ ಪೂರ್ವಶಾಲೆಯೂ ಇದೆ. ಹೋಗುವಾಗ ಹಳೆಯ ಆಡಿಯೋಗ್ರಾಮ್‌ಗಳನ್ನೂ (ಕಿವಿ ಪರೀಕ್ಷೆಯ ನಕ್ಷೆಗಳು) ಸಾಧನವನ್ನೂ ತಪ್ಪದೆ ಒಯ್ಯಿರಿ.