ಮಿರ್ಜಾನಿನ ನೀಲಿ ಚೂರು

ಬಸವನಗುಡಿಯ ಓದುಗರೊಬ್ಬರು, ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಗೆ ಹೋದಾಗ ನೀಲಿ ಗೆರೆಯ ಪಿಂಗಾಣಿ ಚೂರೊಂದು ಸಿಕ್ಕಿತೆಂದೂ ಅದನ್ನು ಕರವಸ್ತ್ರದಲ್ಲಿ ಸುತ್ತಿ ಬೆಂಗಳೂರಿಗೆ ತಂದಿರುವುದಾಗಿಯೂ ಬರೆದು, ಅದು ರಾಣಿ ಚೆನ್ನಭೈರಾದೇವಿಯ ಕಾಲದ್ದೇ ಎಂದು ಕೇಳಿದ್ದಾರೆ. ಕೋಟೆ ಕಟ್ಟಿಸಿದವರು ಯಾರೆಂದು ಖಚಿತವಾಗಿ ಹೇಳದೆ ನಮ್ಮ ಲೇಖನ ಮಡಕೆ ಚೂರುಗಳಿಗೇ ಪುಟಗಳನ್ನು ಕೊಟ್ಟಿತೆಂಬ ಆಕ್ಷೇಪವೂ ಪತ್ರದಲ್ಲಿದೆ.

ಮಾನ್ಯರೇ, ಆ ಕೋಟೆಯ ವಿಷಯದಲ್ಲಿ ರಾಣಿಯ ಹೆಸರನ್ನು ಹೇಳುವವರಿದ್ದಾರೆ, ಬಿಜಾಪುರದ ಸರದಾರ ಷರೀಫ್-ಉಲ್-ಮುಲ್ಕ್‌ನ ಹೆಸರನ್ನು ಹೇಳುವವರೂ ಇದ್ದಾರೆ. ಚಿರೆಕಲ್ಲಿನ ಗೋಡೆ ತನ್ನನ್ನು ಕಟ್ಟಿಸಿದವರ ಹೆಸರನ್ನು ಹೇಳದು. ಆದರೆ ಘಟ್ಟದ ಮೇಲಿನ ಕಾಳುಮೆಣಸು ಕೆಳಗಿಳಿದು ಅಘನಾಶಿನಿಯ ಅಳಿವೆಯ ಮೂಲಕ ಕಡಲು ಸೇರುವ ಹಾದಿಯಲ್ಲಿ ಈ ಕೋಟೆ ನಿಂತಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದಿಂದಲೇ. ಆ ವ್ಯಾಪಾರ ಹೇಗೆ ನಡೆಯಿತು, ಕೋಟೆಯೊಳಗೆ ಯಾರು ಯಾವ ಪಾತ್ರೆಯಲ್ಲಿ ಉಂಡರು ಎಂಬುದನ್ನು ತಿಳಿಯಲು ಮಣ್ಣನ್ನೇ ಕೇಳಬೇಕು. ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2000-01ರಲ್ಲಿ ಉತ್ಖನನ ನಡೆಸಿದಾಗ ಚೀನಾದ ಪಿಂಗಾಣಿ, ಫಿರಂಗಿ ಗುಂಡುಗಳು, ಪೋರ್ಚುಗೀಸರ ಚಿನ್ನದ ನಾಣ್ಯ, ಇಸ್ಲಾಮೀ ಬರಹವಿರುವ ಫಲಕ, ಎಲ್ಲವೂ ಆ ಒಂದೇ ಆವರಣದಲ್ಲಿ ದೊರೆತವು.

ಇನ್ನು ನಿಮ್ಮ ಚೂರಿನ ವಿಷಯ. ಅದರ ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಗಾಜಿನಂತೆ ಬಿಗಿಯಾಗಿ, ಬೆಳ್ಳಗೆ, ರಂಧ್ರವಿಲ್ಲದೆ ಇದ್ದರೆ ಅದು ನಿಜವಾದ ಪಿಂಗಾಣಿ; ಒದ್ದೆ ಬೆರಳಿನ ತೇವವನ್ನು ಹೀರಿಕೊಂಡರೆ, ಮೇಲೆ ಹೊಳಪು ಬಳಿದ ಸಾಮಾನ್ಯ ಮಣ್ಣಿನ ಪಾತ್ರೆಯದು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದ ತಟ್ಟೆಗಳಲ್ಲೂ ಇಂಥ ನೀಲಿ ಚಿತ್ರಗಳಿದ್ದವು, ಆದ್ದರಿಂದ ಬಣ್ಣವೊಂದನ್ನೇ ನಂಬಬಾರದು. ಬಟ್ಟಲಿನ ತಳದ ಬಳೆಯಂಥ ಅಂಚು ಉಳಿದಿದ್ದರೆ ತಜ್ಞರಿಗೆ ಇನ್ನಷ್ಟು ಸುಳಿವು ಸಿಗುತ್ತದೆ. ಅಷ್ಟಾದರೂ ಅದು ಹೇಳುವುದು ಬಟ್ಟಲು ತಯಾರಾದ ಕಾಲವನ್ನು ಮಾತ್ರ. ಅದು ಯಾವಾಗ ಒಡೆದು ಯಾವ ನೆಲದ ಮೇಲೆ ಬಿತ್ತೆಂಬುದನ್ನು ಅದು ಹುದುಗಿದ್ದ ಮಣ್ಣಿನ ಪದರವೇ ಹೇಳಬೇಕು. ನಾಣ್ಯದ ಮಾತೂ ಅಷ್ಟೇ: ಕದಡದ ಪದರವೊಂದರಲ್ಲಿ ನಾಣ್ಯ ಸಿಕ್ಕರೆ, ಆ ಪದರ ನಾಣ್ಯ ಟಂಕಿಸಿದ ವರ್ಷಕ್ಕಿಂತ ಹಿಂದಿನದಾಗಿರಲಾರದು. ಅದೇ ನಾಣ್ಯ ಜೇಬಿನಿಂದ ಹೊರಬಂದರೆ ಅದರಿಂದ ಕೋಟೆಯ ಬಗ್ಗೆ ಏನನ್ನೂ ಹೇಳಲಾಗದು.

ಇದನ್ನು ಒತ್ತಿ ಹೇಳಲು ಕಾರಣ ನಮ್ಮ ಊರೇ. 1537ರ ಸುಮಾರಿಗೆ ಕೆಂಪೇಗೌಡರು ಪೇಟೆಯ ಸುತ್ತ ಕಟ್ಟಿಸಿದ ಮಣ್ಣಿನ ಕೋಟೆ ಇಂದು ಕಾಣುವುದಿಲ್ಲ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಎಂಬ ಹೆಸರುಗಳು ವ್ಯಾಪಾರದ ಗುರುತಾಗಿ ಉಳಿದಿವೆ, ಆದರೆ ಅವುಗಳ ಕೆಳಗಿನ ಮಣ್ಣನ್ನು ತಳಪಾಯಗಳೂ ಚರಂಡಿಗಳೂ ಎಷ್ಟೋ ಬಾರಿ ಬಗೆದಿವೆ. ಮಿರ್ಜಾನಿನ ಕೋಟೆಯೊಳಗೆ ಅಂಥ ಪೇಟೆ ಬೆಳೆಯಲಿಲ್ಲ, ಆದ್ದರಿಂದ ಅಲ್ಲಿನ ಮಣ್ಣಿನ ಪದರಗಳನ್ನು ಹೀಗೆ ಬಗೆದಿಲ್ಲ.

ಚೂರನ್ನು ನಮಗೆ ಕಳುಹಿಸಬೇಡಿ, ತೊಳೆಯಲೂ ಬೇಡಿ. ಅದು ಬಿದ್ದಿದ್ದ ಜಾಗ ಯಾವ ಬುರುಜಿನಿಂದ ಎಷ್ಟು ಹೆಜ್ಜೆ, ಮಳೆನೀರು ಕೊರೆದ ಮಣ್ಣಿನಲ್ಲಿತ್ತೋ ಹುಲ್ಲಿನ ಮೇಲಿತ್ತೋ ಎಂಬುದನ್ನು ನೆನಪು ಮಾಸುವ ಮುನ್ನ ಕಾಗದದ ಮೇಲೆ ಬರೆದು, ಒಂದು ನಕ್ಷೆಯನ್ನೂ ಗೀಚಿ, ಚೂರಿನೊಂದಿಗೆ ಪುರಾತತ್ತ್ವ ಇಲಾಖೆಯ ಕಚೇರಿಗೆ ಒಪ್ಪಿಸಿ.